ಪಕ್ಕದಲ್ಲೇ ಸೋಲಾರ್ ಪಾರ್ಕ್, ಮೋಟಾರಿಗೆ ಮಾತ್ರ ರಾತ್ರಿ ಕರೆಂಟ್ ಏಕೆ?

ಪ್ರಶ್ನೆ: ಸರ್, ನಾನು ಶಿರಾ ತಾಲ್ಲೂಕಿನ ರೈತ. ಆರು ಎಕರೆ ಜಮೀನು, ಒಂದು ಕೊಳವೆಬಾವಿ, ಏಳೂವರೆ ಎಚ್‌ಪಿ ಮೋಟಾರು ಇದೆ. ಪಾವಗಡವೂ ನಮ್ಮದೇ ಜಿಲ್ಲೆಯ ತಾಲ್ಲೂಕು. ಅಲ್ಲಿನ ಸೋಲಾರ್ ಪಾರ್ಕ್ ನೋಡಲು ದೇಶ ವಿದೇಶಗಳಿಂದ ಜನ ಬರುತ್ತಾರೆ. ವಿದ್ಯುತ್ ಉಪಕೇಂದ್ರದಿಂದ ನಮ್ಮ ಹೊಲಗಳಿಗೆ ಬರುವ ಲೈನಿಗೆ (ಫೀಡರ್) ಮಾತ್ರ ಮೋಟಾರು ಓಡಿಸುವ ತ್ರೀ ಫೇಸ್ ಕರೆಂಟ್ ಹಗಲು ನಾಲ್ಕು ಗಂಟೆ, ಉಳಿದ ಮೂರು ಗಂಟೆ ರಾತ್ರಿ. 2023ರ ಬರದಲ್ಲಿ ಅದೂ ಸರಿಯಾಗಿ ಸಿಗಲಿಲ್ಲ. ಬಿಸಿಲಿನಿಂದ ಕರೆಂಟ್ ತಯಾರಾಗುವ ಸೀಮೆಯಲ್ಲಿ ನೀರು ಕಟ್ಟಲು ನಡುರಾತ್ರಿ ಹೊಲಕ್ಕೆ ಹೋಗಬೇಕೇ? ಪಾವಗಡದ ಕರೆಂಟೆಲ್ಲ ಬೆಂಗಳೂರಿಗೆ ಹೋಗುತ್ತದೆ ಎನ್ನುವುದು ನಿಜವೇ? ರಾಜ್ಯದ ಈಗಿನ ನವೀಕರಿಸಬಹುದಾದ ಇಂಧನ ನೀತಿ 2027ಕ್ಕೆ ಮುಗಿಯುತ್ತದೆ. ಮುಂದಿನದರಲ್ಲಿ ಏನಿರಬೇಕೆಂದು ನಮ್ಮ ಸಂಘದಿಂದ ಮನವಿ ಬರೆಯುತ್ತಿದ್ದೇವೆ. ಇನ್ನೊಂದು ಪಾವಗಡ ಬೇಕೆಂದು ಕೇಳುವುದು ಸರಿಯೇ? ಕೊನೆಯದಾಗಿ ಒಂದು ಸ್ವಂತ ವಿಷಯ: ನನ್ನ ಜಮೀನು ವಿದ್ಯುತ್ ಉಪಕೇಂದ್ರದ ಹತ್ತಿರವಿದೆ. ಸೋಲಾರ್‌ಗೆ 25 ವರ್ಷದ ಗುತ್ತಿಗೆಗೆ ಕೊಡಿ ಎಂದು ಒಬ್ಬರು ಬಂದಿದ್ದಾರೆ. ಕೊಡಬಹುದೇ?

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ಒಂದು ಹಳೆಯ ನೋಟ ಕಣ್ಣ ಮುಂದೆ ಬಂತು. ನೌಕರಿಯ ಮೊದಲ ವರ್ಷಗಳಲ್ಲಿ ಹಳ್ಳಿಯೊಂದರ ಉಪಕೇಂದ್ರದಲ್ಲಿ ನನಗೆ ರಾತ್ರಿ ಪಾಳಿ ಇರುತ್ತಿತ್ತು. ಹನ್ನೊಂದು ಗಂಟೆಗೆ ಪಂಪ್‌ಸೆಟ್ ಫೀಡರ್ ಚಾರ್ಜ್ ಮಾಡಿ ಹೊರಗೆ ಬಂದು ನಿಂತರೆ, ದೂರದ ಹೊಲಗಳಲ್ಲಿ ಟಾರ್ಚಿನ ಬೆಳಕುಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಒಂದೊಂದು ಬೆಳಕಿನ ಹಿಂದೆಯೂ ಒಬ್ಬ ಮನುಷ್ಯ. ಅವನ ದಾರಿಯಲ್ಲಿ ಹಾವು, ಕೆಲವು ಕಡೆ ಕರಡಿ, ಕೊನೆಯಲ್ಲಿ ಒದ್ದೆ ಕೈಯಿಂದ ಮುಟ್ಟಬೇಕಾದ ಸ್ಟಾರ್ಟರ್ ಪೆಟ್ಟಿಗೆ. ರಾಜ್ಯದ ಇಂಧನ ನೀತಿ ಹೇಗಿರಬೇಕು ಎಂದು ಯಾರು ಕೇಳಿದರೂ ನನ್ನ ಯೋಚನೆ ಶುರುವಾಗುವುದು ಆ ಟಾರ್ಚುಗಳಿಂದ. ನೀವೂ ಅಲ್ಲಿಂದಲೇ ಕೇಳಿದ್ದೀರಿ.

ಮೊದಲು ಬೆಂಗಳೂರಿನ ವಿಷಯ. ಪಾವಗಡದ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ತಿರುಮಣಿ, ಬಳಸಮುದ್ರ, ವಳ್ಳೂರು ಸೇರಿದಂತೆ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ ಅದು ಹರಡಿದೆ. ಅಲ್ಲಿನ ವಿದ್ಯುತ್ತಿನ ಬಹುಪಾಲನ್ನು ಕೊಳ್ಳುವುದು ನಮ್ಮ ರಾಜ್ಯದ ವಿತರಣಾ ಕಂಪನಿಗಳೇ. ಆದರೆ ಆ ವಿದ್ಯುತ್ತು ದೊಡ್ಡ ಜಾಲಕ್ಕೆ ಸೇರಿದ ಮೇಲೆ ಅದಕ್ಕೆ ಊರಿನ ಹೆಸರು ಉಳಿಯುವುದಿಲ್ಲ. ಕೆರೆಗೆ ಬಿದ್ದ ಮಳೆಯಲ್ಲಿ ಯಾವ ಹನಿ ಯಾವ ತೂಬಿನಿಂದ ಹೋಯಿತು ಎಂದು ಹೇಳಲಾಗದ ಹಾಗೆ. ಆದ್ದರಿಂದ ‘ನಮ್ಮ ಕರೆಂಟನ್ನು ಅವರು ಒಯ್ದರು’ ಎನ್ನುವ ಮಾತು ತಾಂತ್ರಿಕವಾಗಿ ನಿಲ್ಲುವುದಿಲ್ಲ. ಹಾಗೆಂದು ನಿಮ್ಮ ಅನುಮಾನ ಸುಳ್ಳೂ ಅಲ್ಲ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸುವ ನೀರಗಂಟಿಯೊಬ್ಬ ಇರುತ್ತಾನಲ್ಲವೇ? ವಿದ್ಯುತ್ತಿಗೂ ಹಾಗೆಯೇ. ಯಾವ ಫೀಡರಿಗೆ ಯಾವ ಹೊತ್ತು ಎನ್ನುವುದು ಮನುಷ್ಯರು ಕುಳಿತು ಬರೆದ ವೇಳಾಪಟ್ಟಿ. ಬರೆದದ್ದನ್ನು ತಿದ್ದಲೂಬಹುದು.

ಆ ಪಟ್ಟಿಯಲ್ಲಿ ರಾತ್ರಿ ಬಂದದ್ದಕ್ಕೆ ಒಂದು ಚರಿತ್ರೆ ಇದೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಂಥವು ಹಗಲು ರಾತ್ರಿ ಒಂದೇ ಸಮನೆ ಉರಿಯುವ ಒಲೆಗಳು. ಕಾರ್ಖಾನೆ, ಕಚೇರಿಗಳು ಮುಚ್ಚಿ ಊರು ಮಲಗಿದ ಮೇಲೆ ಅವುಗಳ ವಿದ್ಯುತ್ತಿಗೆ ಗಿರಾಕಿ ಕಡಿಮೆ. ಆ ಹೊತ್ತಿನ ವಿದ್ಯುತ್ತನ್ನು ಪಂಪ್‌ಸೆಟ್‌ಗಳಿಗೆ ಕೊಡುವುದು ಅಂದಿನ ಲೆಕ್ಕದಲ್ಲಿ ಜಾಣತನವೇ ಆಗಿತ್ತು. ರಾಜ್ಯದ ವಿದ್ಯುತ್ ಬಳಕೆಯಲ್ಲಿ ಸುಮಾರು ಮೂರನೇ ಒಂದು ಭಾಗ ನೀರಾವರಿ ಪಂಪ್‌ಸೆಟ್‌ಗಳದ್ದು. ಇಷ್ಟು ದೊಡ್ಡ ಹೊರೆಯನ್ನು ಯಾವ ಹೊತ್ತಿಗೆ ತಳ್ಳುತ್ತೇವೆ ಎನ್ನುವುದರ ಮೇಲೆ ಇಡೀ ಜಾಲದ ಸಮತೋಲನ ನಿಂತಿದೆ. 2017ರ ನಂತರ ಸೌರ ವಿದ್ಯುತ್ತು ಹೊಳೆಯಂತೆ ಬಂತು. ಮಧ್ಯಾಹ್ನದ ಕೊರತೆ ಹೋಗಿ, ಎಷ್ಟೋ ದಿನ ಮಧ್ಯಾಹ್ನವೇ ಮಿಗುವಂತಾಯಿತು. ಹಲವು ಕಡೆ ಪಂಪ್‌ಸೆಟ್ ಸರದಿಯನ್ನು ಹಗಲಿಗೆ ಬದಲಿಸಿದರು. ನಿಮ್ಮಂಥ ಕಡೆ ಅರ್ಧ ಬದಲಾಯಿತು, ಅರ್ಧ ಉಳಿಯಿತು.

ಉಳಿದದ್ದಕ್ಕೆ ಕಾರಣ ತಂತಿ. ಏಳು ಗಂಟೆಯನ್ನೂ ಹಗಲೇ ಕೊಡಬೇಕಾದರೆ ಒಂದು ಉಪಕೇಂದ್ರದ ಎಲ್ಲ ಪಂಪ್‌ಸೆಟ್ ಫೀಡರ್‌ಗಳೂ ಒಟ್ಟಿಗೆ ಚಾಲೂ ಆಗಬೇಕು. ಅಲ್ಲಿನ ಪವರ್ ಟ್ರಾನ್ಸ್‌ಫಾರ್ಮರು, ಹಳ್ಳಿಯ ಸಣ್ಣ ಟ್ರಾನ್ಸ್‌ಫಾರ್ಮರುಗಳು (ಟಿ.ಸಿ.), ತೆಳ್ಳನೆಯ ತಂತಿಗಳು ಆ ಭಾರ ಹೊರುವುದಿಲ್ಲ. ಇದರ ಜೊತೆಗೆ ಆಟೋ ಸ್ಟಾರ್ಟರ್ ಇದೆ. ರಾತ್ರಿ ಏಳುವ ಕಷ್ಟ ತಪ್ಪಿಸಿಕೊಳ್ಳಲು ಅದನ್ನು ಹಾಕಿಸಿಕೊಂಡ ರೈತನನ್ನು ನಾನು ದೂರುವುದಿಲ್ಲ. ಆದರೆ ಕರೆಂಟ್ ಬಂದ ಕ್ಷಣವೇ ಫೀಡರಿನ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದರೆ ಟಿ.ಸಿ. ಸುಡುವುದು ಅಲ್ಲಿಯೇ. ಪಾರ್ಕಿನಲ್ಲಿ ಮೆಗಾವ್ಯಾಟ್ ಇದೆ, ನಿಮ್ಮ ಕೊನೆಯ ಹತ್ತು ಕಿಲೋಮೀಟರಿನಲ್ಲಿ ಅದಕ್ಕೆ ದಾರಿಯಿಲ್ಲ.

2023ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತು. ಸಾಮಾನ್ಯ ವರ್ಷದಲ್ಲಿ ನಿಂತಿರಬೇಕಾದ ಪಂಪ್‌ಸೆಟ್‌ಗಳೆಲ್ಲ ಓಡತೊಡಗಿದವು, ಅದೇ ಹೊತ್ತಿಗೆ ಜಲಾಶಯಗಳಿಗೆ ನೀರು ಬರಲಿಲ್ಲ. ಅಕ್ಟೋಬರಿನಲ್ಲಿ ಪಂಪ್‌ಸೆಟ್‌ಗಳ ಅವಧಿಯನ್ನು ಐದು ಗಂಟೆಗೆ ಇಳಿಸಬೇಕಾಯಿತು. ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಆಮೇಲೆ ಹಿಂದಿರುಗಿಸುವ ಕರಾರಿನ ಮೇಲೆ ವಿದ್ಯುತ್ತನ್ನು ಕಡ ತಂದರು. ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರು ನಮ್ಮ ರಾಜ್ಯಕ್ಕೆ ಕಷ್ಟಕಾಲದ ಗಂಟು ಇದ್ದ ಹಾಗೆ. ಶರಾವತಿಯ ಯಂತ್ರಗಳು ಕೆಲವೇ ನಿಮಿಷಗಳಲ್ಲಿ ಚಾಲೂ ಆಗುತ್ತವೆ, ಆದ್ದರಿಂದ ಬಿಸಿಲು ಇಳಿದ ಮೇಲಿನ ಸಂಜೆಗೆ ಅವಕ್ಕಿಂತ ಉತ್ತಮ ಆಸರೆ ಇಲ್ಲ. ಬರ ಬಂದಾಗ ಆ ಗಂಟೇ ಬರಿದು.

‘ಇಷ್ಟು ಸೋಲಾರ್ ಇದ್ದರೂ ಕಲ್ಲಿದ್ದಲು ಯಾಕೆ ಸುಡುತ್ತಾರೆ’ ಎಂದು ಸಭೆಗಳಲ್ಲಿ ನನ್ನನ್ನು ಕೇಳುತ್ತಾರೆ. ನಮ್ಮ ನೆಲದಲ್ಲಿ ಕಲ್ಲಿದ್ದಲು ಇಲ್ಲ. ಸಿಂಗರೇಣಿಯಂಥ ದೂರದ ಗಣಿಗಳಿಂದ ರೈಲಿನಲ್ಲಿ ತರಿಸುತ್ತೇವೆ. ಆದರೂ ಸಂಜೆ ಏಳಕ್ಕೆ ಬೇಕಾದ ಘಟಕವನ್ನು ಮಧ್ಯಾಹ್ನ ಆರಿಸುವಂತಿಲ್ಲ. ತಣ್ಣಗಾದ ಬಾಯ್ಲರನ್ನು ಮತ್ತೆ ಹೊತ್ತಿಸಿ ಪೂರ್ಣ ಉತ್ಪಾದನೆಗೆ ತರಲು ಬಹಳ ಗಂಟೆಗಳು ಹಿಡಿಯುತ್ತವೆ. ಹಾಗಾಗಿ ಹಗಲು ಅದನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ, ಸುಮಾರು ಶೇ 55ರಲ್ಲಿ, ಕುಂಟುತ್ತ ಓಡಿಸುತ್ತಾರೆ. ಪೂರ್ತಿ ಓಡಿಸದಿದ್ದರೂ ಅದರ ಸ್ಥಿರ ವೆಚ್ಚವನ್ನು ವಿತರಣಾ ಕಂಪನಿ ಕೊಡಲೇಬೇಕು. ಒಪ್ಪಂದಗಳು ಇರುವುದೇ ಹಾಗೆ. ಸಂಜೆಗೆ ಬೇರೆ ಏರ್ಪಾಡು ಇಲ್ಲದೆ ಮಧ್ಯಾಹ್ನದ ಮೆಗಾವ್ಯಾಟ್ ಮಾತ್ರ ಕೂಡಿಸುತ್ತ ಹೋದರೆ ಹೊಸದಕ್ಕೂ ಹಣ, ಹಳೆಯದಕ್ಕೂ ಹಣ.

ನನ್ನ ಅಭಿಪ್ರಾಯದಲ್ಲಿ ನಮ್ಮ ನೀತಿಗಳ ಮೂಲ ದೋಷ ಇದು. ಅವು ಮೆಗಾವ್ಯಾಟಿನಿಂದ ಶುರುವಾಗುತ್ತವೆ. 2022–27ರ ನೀತಿಯ ಗುರಿ ನೋಡಿ: ಹೊಸದಾಗಿ 10 ಸಾವಿರ ಮೆಗಾವ್ಯಾಟ್, ಅದರಲ್ಲಿ ಒಂದು ಸಾವಿರದವರೆಗೆ ಚಾವಣಿಯ ಮೇಲೆ. ಎಷ್ಟು ಎನ್ನುವುದು ಗುರಿಯಾಯಿತು. ಯಾವ ಹೊತ್ತಿಗೆ, ಯಾವ ಉಪಕೇಂದ್ರಕ್ಕೆ, ಯಾರ ಖರ್ಚಿನಲ್ಲಿ ಎಂಬುದು ಗುರಿಯಾಗಲಿಲ್ಲ. ಈ ನಾಡಿನಲ್ಲಿ ವಿದ್ಯುತ್ತಿನ ಕಥೆ ಹೀಗೆ ಶುರುವಾಗಿರಲಿಲ್ಲ. 1902ರಲ್ಲಿ ಶಿವನಸಮುದ್ರದ ಕೇಂದ್ರ ಕಟ್ಟಿದಾಗ ವಿದ್ಯುತ್ತು ಯಾರಿಗೆ ಎನ್ನುವುದು ಮೊದಲೇ ಗೊತ್ತಿತ್ತು. ಕೋಲಾರದ ಚಿನ್ನದ ಗಣಿಗಳು ಅದಕ್ಕಾಗಿ ಕಾದಿದ್ದವು. ಅಲ್ಲಿಯವರೆಗೆ ತಂತಿಯನ್ನೂ ಜೊತೆಯಲ್ಲೇ ಎಳೆದರು. ಬಳಕೆ, ದಾರಿ, ಉತ್ಪಾದನೆ ಮೂರನ್ನೂ ಒಟ್ಟಿಗೆ ಯೋಚಿಸಿದ್ದರು.

ಹಾಗೆ ಯೋಚಿಸದಿದ್ದರೆ ಏನಾಗುತ್ತದೆ ಎನ್ನುವುದನ್ನು ಎರಡು ಸಲ ಹತ್ತಿರದಿಂದ ನೋಡಿದ್ದೇನೆ. 2018ರ ಮಾರ್ಚ್ 31ರೊಳಗೆ ಚಾಲೂ ಆದ ಸೌರ ಘಟಕಗಳಿಗೆ, ವಿದ್ಯುತ್ತನ್ನು ನೇರವಾಗಿ ಕಾರ್ಖಾನೆಗಳಿಗೆ ಮಾರಿದರೂ, ಸಾಗಣೆ ಶುಲ್ಕ ಮತ್ತು ಅಡ್ಡ ಸಹಾಯಧನದ ಮೇಲ್ತೆರಿಗೆ (ಹಳ್ಳಿಯ ಅಗ್ಗದ ವಿದ್ಯುತ್ತಿಗಾಗಿ ದೊಡ್ಡ ಗ್ರಾಹಕರಿಂದ ಪಡೆಯುವ ಹೆಚ್ಚುವರಿ ಶುಲ್ಕ) ಹತ್ತು ವರ್ಷ ಇಲ್ಲ ಎಂಬ ರಿಯಾಯಿತಿ ಇತ್ತು. ಕೊನೆಯ ತಿಂಗಳುಗಳಲ್ಲಿ ರಾತ್ರಿ ಹಗಲೆನ್ನದೆ ಫಲಕ ಜೋಡಿಸಿದರು. ಅಂಕಿಯಲ್ಲಿ ರಾಜ್ಯ ದೇಶಕ್ಕೇ ಮೊದಲಾಯಿತು. ಆದರೆ ಹೆಚ್ಚು ದರ ಕೊಡುವ ಗ್ರಾಹಕರು ವಿತರಣಾ ಕಂಪನಿಗಳ ಕೈಯಿಂದ ಜಾರಿದರು, ಅವರ ಹಣದಿಂದ ತುಂಬುತ್ತಿದ್ದ ಹಳ್ಳಿಯ ಲೆಕ್ಕದಲ್ಲಿ ತೂತು ಬಿತ್ತು. ಅದಕ್ಕೂ ಮೊದಲು, 2014ರ ನಂತರ, ಜಮೀನುಳ್ಳ ರೈತರೇ ಒಂದರಿಂದ ಮೂರು ಮೆಗಾವ್ಯಾಟ್ ಘಟಕ ಹಾಕುವ ಯೋಜನೆ ಬಂದಿತ್ತು. ಯೂನಿಟ್‌ಗೆ 8 ರೂಪಾಯಿ 40 ಪೈಸೆ. ಉದ್ದೇಶ ಒಳ್ಳೆಯದೇ. ಆದರೆ ಒಂದು ಘಟಕಕ್ಕೆ ಕೋಟಿಗಟ್ಟಲೆ ಬಂಡವಾಳ ಬೇಕು, ರೈತನಿಗೆ ಅದು ಎಲ್ಲಿಂದ ಬರಬೇಕು? ಘಟಕಗಳು ತಡವಾದವು. ಅಷ್ಟರಲ್ಲಿ ಫಲಕಗಳ ಬೆಲೆ ಕುಸಿದು, 2018ರ ಹೊತ್ತಿಗೆ ಪಾವಗಡದ ಹರಾಜಿನಲ್ಲಿ ದರ ಮೂರು ರೂಪಾಯಿಯ ಆಸುಪಾಸಿಗೆ ಬಂದಿತ್ತು. ತಡವಾದವರಿಗೆ ಹಳೆಯ ದರ ಕೊಡಬೇಕೇ ಬೇಡವೇ ಎಂಬ ಜಗಳ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಸೌರ ವಿದ್ಯುತ್ತು ದುಬಾರಿ ಎಂದು ನಿಮ್ಮ ಸಂಘದಲ್ಲಿ ಯಾರಾದರೂ ವಾದಿಸಿದರೆ, ಅವರ ಮನಸ್ಸಿನಲ್ಲಿರುವುದು ಆ ಹಳೆಯ ದರ.

ಹಾಗಾದರೆ ಏನು ಕೇಳಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ ಇನ್ನೊಂದು ಪಾವಗಡ ಕೇಳುತ್ತಿರಲಿಲ್ಲ. ನಮ್ಮ ಉಪಕೇಂದ್ರದ ಪಕ್ಕದಲ್ಲಿ ನಮ್ಮ ಫೀಡರಿಗೆ ತಕ್ಕಷ್ಟು ಸೌರ ಘಟಕ ಕೊಡಿ ಎಂದು ಕೇಳುತ್ತಿದ್ದೆ. ಕೇಂದ್ರದ ಪಿಎಂ ಕುಸುಮ್ ಯೋಜನೆಯ ‘ಸಿ’ ಭಾಗದಲ್ಲಿ ಇದಕ್ಕೆ ಅವಕಾಶವಿದೆ. ಕರ್ನಾಟಕದಲ್ಲಿ ಪಂಪ್‌ಸೆಟ್ ಫೀಡರ್‌ಗಳನ್ನು ಮನೆಗಳ ಫೀಡರ್‌ಗಳಿಂದ ಬೇರ್ಪಡಿಸುವ ಕೆಲಸ ನಿರಂತರ ಜ್ಯೋತಿ ಯೋಜನೆಯಲ್ಲಿ ಬಹುಮಟ್ಟಿಗೆ ಆಗಿದೆ, ಅದು ನಮಗೆ ದೊಡ್ಡ ಅನುಕೂಲ. ಲೆಕ್ಕ ಹಾಕಿ ನೋಡೋಣ. ಒಂದು ಫೀಡರಿನಲ್ಲಿ ಏಳೂವರೆ ಎಚ್‌ಪಿಯ 300 ಮೋಟಾರುಗಳಿವೆ ಎನ್ನಿ. ಎಲ್ಲವೂ ಒಟ್ಟಿಗೆ ಓಡಿದರೆ ಸುಮಾರು 1,700 ಕಿಲೋವ್ಯಾಟ್, ಏಳು ಗಂಟೆಗೆ 12 ಸಾವಿರ ಯೂನಿಟ್‌ಗೆ ಸ್ವಲ್ಪ ಕಡಿಮೆ. ಒಂದು ಮೆಗಾವ್ಯಾಟ್ ಘಟಕ ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು ನಾಲ್ಕು ಸಾವಿರ ಯೂನಿಟ್ ಕೊಡುತ್ತದೆ. ಅಂದರೆ ಮೂರು ಮೆಗಾವ್ಯಾಟ್ ಸಾಕು, ಜಾಗ ಹದಿನೈದು ಎಕರೆಯ ಒಳಗೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಎಣಿಸಿದರೆ ಏಳು ಗಂಟೆ. ಸರ್ಕಾರ ನಿಮಗೆ ಕೊಡುತ್ತೇನೆಂದು ಹೇಳಿರುವುದೂ ಏಳು ಗಂಟೆಯನ್ನೇ. ಮಾರ್ಚ್‌ನಿಂದ ಮೇವರೆಗೆ, ಬೆಳೆಗೆ ನೀರು ಹೆಚ್ಚು ಬೇಕಾದಾಗ, ಬಿಸಿಲೂ ಹೆಚ್ಚು. ಪಂಪ್‌ಸೆಟ್‌ನಷ್ಟು ಸೂರ್ಯನಿಗೆ ಹೊಂದುವ ಗ್ರಾಹಕ ಇನ್ನೊಬ್ಬನಿಲ್ಲ. ಕೃಷಿ ಹೊಂಡದಲ್ಲಿ ನಿಂತ ನೀರೇ ರೈತನ ಬ್ಯಾಟರಿ.

ಇದರಲ್ಲಿಯೂ ಅಪಾಯಗಳಿವೆ. ಟೆಂಡರಿನಲ್ಲಿ ತೀರಾ ಕಡಿಮೆ ದರ ನಮೂದಿಸಿ ಗೆದ್ದವರು ಘಟಕ ಕಟ್ಟದೆ ಕೂರಬಹುದು. ವಿತರಣಾ ಕಂಪನಿ ಹಣ ತಡಮಾಡಿದರೆ ಕಟ್ಟಿದವರೂ ನಿರ್ವಹಣೆ ಬಿಡುತ್ತಾರೆ. ಫೀಡರಿನಲ್ಲಿ ಕರೆಂಟ್ ಹೋದರೆ ಘಟಕವೂ ಸುರಕ್ಷತೆಗಾಗಿ ತಾನಾಗಿ ನಿಲ್ಲುತ್ತದೆ, ಆದ್ದರಿಂದ ಹಳೆಯ ತಂತಿ, ಟಿ.ಸಿ. ಬದಲಿಸದೆ ಫಲಕ ಮಾತ್ರ ಹಾಕಿದರೆ ಪ್ರಯೋಜನವಿಲ್ಲ. ಆದರೆ ನನ್ನನ್ನು ನಿಜವಾಗಿ ಕಾಡುವುದು ಅಂತರ್ಜಲ. ಹಗಲು ಪೂರ್ತಿ, ಪುಕ್ಕಟೆ, ಎಡೆಬಿಡದ ಕರೆಂಟ್ ಬಂದರೆ ನೀರು ಎತ್ತುವುದು ಹೆಚ್ಚುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ಮೀರಿ ಕೊರೆದೂ ಧೂಳು ಕಂಡವರನ್ನು ನಾನು ಬಲ್ಲೆ. ಆ ದಿನ ನಿಮ್ಮ ತಾಲ್ಲೂಕಿಗೆ ಬರಬಾರದು.

ಇದಕ್ಕೆ ಉತ್ತರದ ಒಂದು ಎಳೆ ನಮ್ಮ ರಾಜ್ಯದಲ್ಲಿಯೇ ಸಿಕ್ಕಿತ್ತು. 2014ರ ಸೂರ್ಯ ರೈತ ಯೋಜನೆಯನ್ನು ಪ್ರಾಯೋಗಿಕವಾಗಿ ಕನಕಪುರದ ಹಾರೋಬೆಲೆಯ ಸುತ್ತ ಜಾರಿ ಮಾಡಿದರು. ರೈತನ ಹೊಲದ ಫಲಕದಿಂದ ಮೋಟಾರು ಓಡಿ ಮಿಕ್ಕ ವಿದ್ಯುತ್ತನ್ನು ಕಂಪನಿ ಕೊಳ್ಳಬೇಕು ಎನ್ನುವುದು ಅದರ ಸೂತ್ರ. ಎತ್ತದೆ ಉಳಿಸಿದ ನೀರಿಗೂ ಅಲ್ಲಿ ಬೆಲೆ ಬಂತು. ಹೊಲಕ್ಕೊಂದು ಘಟಕ ಹಾಕುವುದು ದುಬಾರಿ, ನೋಡಿಕೊಳ್ಳುವುದು ಕಷ್ಟ, ಹಾಗಾಗಿ ಆ ಮಾದರಿಯನ್ನೇ ಎಲ್ಲೆಡೆ ಮಾಡಿ ಎಂದು ನಾನು ಹೇಳುವುದಿಲ್ಲ. ಆದರೆ ಫೀಡರ್ ಮಟ್ಟದ ಘಟಕಕ್ಕೆ ಅದೇ ಸೂತ್ರ ಸೇರಿಸಬಹುದು: ಪ್ರತಿ ಪಂಪ್‌ಸೆಟ್‌ಗೆ ತಿಂಗಳಿಗೆ ಇಷ್ಟು ಯೂನಿಟ್ ಉಚಿತ, ಅದಕ್ಕಿಂತ ಕಡಿಮೆ ಬಳಸಿದವರ ಖಾತೆಗೆ ಉಳಿಕೆಯ ಹಣ. ಇದಕ್ಕೆ ಮೀಟರ್ ಬೇಕು. ಮೀಟರ್ ಎಂದ ಕೂಡಲೇ ನಿಮ್ಮ ಸಭೆಯಲ್ಲಿ ಗದ್ದಲ ಏಳುತ್ತದೆ ಎಂದು ನನಗೆ ಗೊತ್ತು. ಇಂದು ಮೀಟರ್, ನಾಳೆ ಬಿಲ್ಲು ಎಂಬ ಭಯ ಸಹಜ. 2008ರಿಂದ ಹತ್ತು ಎಚ್‌ಪಿವರೆಗೆ ಉಚಿತ ವಿದ್ಯುತ್ತು ಇದೆ, ಅದನ್ನು ಕಸಿಯಬಾರದು ಎಂದು ಮನವಿಯ ಮೊದಲ ಸಾಲಿನಲ್ಲೇ ಬರೆಯಿರಿ. ಆಮೇಲೆ ಮೀಟರನ್ನು ನೀವೇ ಕೇಳಿ. ಏಕೆಂದರೆ ಅಳತೆ ಇಲ್ಲದಿರುವುದರಿಂದ ಹೆಚ್ಚು ನಷ್ಟ ರೈತನಿಗೇ. ಪಂಪ್‌ಸೆಟ್‌ಗಳ ಬಳಕೆ ಬಹುಮಟ್ಟಿಗೆ ಅಂದಾಜು. ತಂತಿಯಲ್ಲಿ ಸೋರಿದ್ದು, ಕಳುವಾದದ್ದು ಅದೇ ಅಂದಾಜಿನೊಳಗೆ ಸೇರಿ ರೈತನ ಹೆಸರಿಗೆ ಬರೆಯಲ್ಪಡಬಹುದು.

ಹಣದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಪ್ರಕಾರ, ಸರ್ಕಾರ ಯಾರಿಗಾದರೂ ಅಗ್ಗವಾಗಿ ಅಥವಾ ಉಚಿತವಾಗಿ ವಿದ್ಯುತ್ತು ಕೊಡಬೇಕೆಂದರೆ ಅದರ ಹಣವನ್ನು ಮುಂಗಡವಾಗಿ ಕೊಡಬೇಕು. ಸಹಾಯಧನ ತಡವಾದರೆ ಕಂಪನಿ ಸಾಲ ಮಾಡುತ್ತದೆ, ಟಿ.ಸಿ. ಬದಲಿಸುವುದನ್ನು ಮುಂದೂಡುತ್ತದೆ. ನಿಮ್ಮೂರಿನಲ್ಲಿ ಸುಟ್ಟ ಟಿ.ಸಿ. ವಾರಗಟ್ಟಲೆ ಹಾಗೆಯೇ ಇದ್ದರೆ ಅದರ ಬೇರು ಲೈನ್‌ಮನ್‌ನ ಸೋಮಾರಿತನದಲ್ಲಿಯೇ ಇರಬೇಕೆಂದಿಲ್ಲ.

ಇನ್ನು ಸಂಜೆಯ ಪ್ರಶ್ನೆ. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಮಿಗುವ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ಬೇಕಾದಾಗ ಇಳಿಸಿ ವಿದ್ಯುತ್ತು ಪಡೆಯುವುದು. ತಂತ್ರಜ್ಞಾನ ಪಳಗಿದ್ದು, ಎತ್ತಿ ಇಳಿಸುವುದರಲ್ಲಿ ಐದನೇ ಒಂದು ಭಾಗದಷ್ಟು ಅಥವಾ ಇನ್ನೂ ಸ್ವಲ್ಪ ಹೆಚ್ಚು ನಷ್ಟವಾಗುತ್ತದೆ. ಆದರೆ ಅದು ಸಿಂಗಳೀಕಗಳ ಅಭಯಾರಣ್ಯ, ಪಶ್ಚಿಮ ಘಟ್ಟದ ಮಳೆಕಾಡು. ಆ ಕಾಡೇ ಶರಾವತಿಯ ನೀರಿನ ತಾಯಿ. ನನ್ನ ನಿಲುವು ಹೀಗಿದೆ: ಮೊದಲು ಹಗಲಿಗೆ ತರಬಹುದಾದ ಬಳಕೆಯನ್ನೆಲ್ಲ ಹಗಲಿಗೆ ತನ್ನಿ. ನಂತರ ಉಪಕೇಂದ್ರಗಳಲ್ಲಿ ಬ್ಯಾಟರಿ ಇಡಿ, ಅದರ ಬೆಲೆ ಈಚೆಗೆ ಚೆನ್ನಾಗಿ ಇಳಿದಿದೆ. ಪಂಪ್ಡ್ ಸ್ಟೋರೇಜ್ ಬೇಕೇ ಬೇಕೆಂದರೆ ಕಾಡಿಲ್ಲದ ಗುಡ್ಡಗಳನ್ನು ಹುಡುಕಿ. ಪಂಪ್‌ಸೆಟ್‌ಗಳನ್ನು ರಾತ್ರಿಯಲ್ಲೇ ಉಳಿಸಿಕೊಂಡು, ಆ ರಾತ್ರಿಗಾಗಿ ಕಾಡು ಕಡಿಯುವುದನ್ನು ನಾನು ಒಪ್ಪಲಾರೆ.

ಚಾವಣಿ ಸೋಲಾರ್ ಬಗ್ಗೆ ನೀವು ಕೇಳಿಲ್ಲ, ಒಂದೇ ಮಾತು ಹೇಳುತ್ತೇನೆ. ಪಿಎಂ ಸೂರ್ಯ ಘರ್‌ನಲ್ಲಿ ಮೂರು ಕಿಲೋವ್ಯಾಟ್‌ಗೆ 78 ಸಾವಿರ ರೂಪಾಯಿ ಸಹಾಯಧನವಿದೆ. ಆದರೆ ಗೃಹಜ್ಯೋತಿಯಲ್ಲಿ ಬಿಲ್ಲೇ ಬರದ ಮನೆಯವರು ಕೈಯಿಂದ ಹಣ ಹಾಕಿ ಫಲಕ ಏಕೆ ಹಾಕಿಸುತ್ತಾರೆ? ಎರಡನ್ನೂ ಹೊಂದಿಸುವ ದಾರಿಯನ್ನು ಹೊಸ ನೀತಿ ಹೇಳಬೇಕು.

ಮನವಿಯನ್ನು ಸರ್ಕಾರಕ್ಕೆ ಮಾತ್ರ ಕೊಟ್ಟು ಸುಮ್ಮನಾಗಬೇಡಿ. ನೀತಿ ಎನ್ನುವುದು ಸರ್ಕಾರದ ಆಶಯ. ದರ, ಶುಲ್ಕ, ಖರೀದಿ ಒಪ್ಪಂದಗಳ ಕೀಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕೈಯಲ್ಲಿದೆ. ನೀತಿಯಲ್ಲಿ ಬರೆದ ರಿಯಾಯಿತಿಯನ್ನು ಆಯೋಗ ಆದೇಶವಾಗಿಸದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ದರ ಪರಿಷ್ಕರಣೆಯ ಅರ್ಜಿಗಳ ಮೇಲೆ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಿ ಮಾತನಾಡಬಹುದು. ಆ ಸಭಾಂಗಣದಲ್ಲಿ ಕೈಗಾರಿಕೆಗಳ ಪ್ರತಿನಿಧಿಗಳು ಪ್ರತಿಸಲ ಕಡತ ಹಿಡಿದು ಕುಳಿತಿರುವುದನ್ನು ಕಂಡಿದ್ದೇನೆ. ಪಂಪ್‌ಸೆಟ್ ರೈತರು ಅಂಕಿ ಅಂಶ ಹಿಡಿದು ಬಂದದ್ದು ಅಪರೂಪ. ನಿಮ್ಮ ಫೀಡರಿಗೆ ಕಳೆದ ಒಂದು ವರ್ಷದಲ್ಲಿ ಹಗಲು ಎಷ್ಟು ಗಂಟೆ, ರಾತ್ರಿ ಎಷ್ಟು ಗಂಟೆ ಕರೆಂಟ್ ಬಂತು ಎಂಬುದು ಉಪಕೇಂದ್ರದ ಲಾಗ್ ಪುಸ್ತಕದಲ್ಲಿರುತ್ತದೆ. ಮಾಹಿತಿ ಹಕ್ಕಿನಲ್ಲಿ ಪ್ರತಿ ಪಡೆದು ಜೊತೆಗೆ ಒಯ್ಯಿರಿ.

ಈಗ ನಿಮ್ಮ ಜಮೀನು. ಪಾವಗಡದಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಗುತ್ತಿಗೆ ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಬೆಳೆ ಕೈಹತ್ತದ ನೆಲದಲ್ಲಿ ಆ ಹಣ ಎಷ್ಟೋ ಮನೆಗಳನ್ನು ಎತ್ತಿ ನಿಲ್ಲಿಸಿತು. ಜಮೀನಿಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಅದರಲ್ಲಿ ಪಾಲು ಬರಲಿಲ್ಲ, ಕೆಲಸ ಮತ್ತು ಹುಲ್ಲು ಎರಡೂ ಹೋದವು. ನಿಮ್ಮ ಮನವಿಯಲ್ಲಿ ಅವರಿಗಾಗಿಯೂ ಒಂದು ಪುಟ ಇರಲಿ. ಏರಿಕೆಯ ಲೆಕ್ಕವನ್ನೂ ನೋಡಿ: ಎರಡು ವರ್ಷಕ್ಕೆ ಶೇ 5 ಎಂದರೆ ವರ್ಷಕ್ಕೆ ಎರಡೂವರೆಯೂ ಪೂರ್ತಿ ಆಗುವುದಿಲ್ಲ. ಹತ್ತು ವರ್ಷದ ನಂತರ 21 ಸಾವಿರ ಸುಮಾರು 26,800 ಆಗುತ್ತದೆ. ಅಂಗಡಿಯ ಬೆಲೆಗಳು ಅದಕ್ಕಿಂತ ಜೋರಾಗಿ ಓಡುತ್ತವೆ.

ಹಾಗಾಗಿ ಆರು ಎಕರೆಯನ್ನೂ ಕೊಡಬೇಡಿ. ಕೊಳವೆಬಾವಿ ಇರುವ ಕಡೆ ಮೂರು ಎಕರೆಯನ್ನಾದರೂ ಉಳಿಸಿಕೊಳ್ಳಿ. ಬಂದವರು ಟೆಂಡರ್ ಗೆದ್ದ ಕಂಪನಿಯವರೇ, ಅಥವಾ ಜಮೀನು ಹಿಡಿದಿಟ್ಟು ಮುಂದೆ ಬೇರೆಯವರಿಗೆ ದಾಟಿಸುವ ಮಧ್ಯವರ್ತಿಗಳೇ ಎಂದು ಮೊದಲು ತಿಳಿಯಿರಿ. ವಿತರಣಾ ಕಂಪನಿಯೊಂದಿಗೆ ಅವರು ಮಾಡಿಕೊಂಡ ಖರೀದಿ ಒಪ್ಪಂದದ ಪ್ರತಿ ಕೇಳಿ, ಅದು ಇಲ್ಲವೆಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಕರಾರು ಕನ್ನಡದಲ್ಲಿರಲಿ, ನೋಂದಣಿಯಾಗಲಿ. ಗುತ್ತಿಗೆ ಹಣ ಪ್ರತಿ ವರ್ಷ ಮುಂಗಡ ಬರಬೇಕು, ಕಂಪನಿ ಕೈ ಬದಲಾದರೂ ನಿಮ್ಮ ಹಣ ನಿಲ್ಲಬಾರದು. ಜಮೀನನ್ನು ಅಡವಿಟ್ಟು ಸಾಲ ತೆಗೆಯುವ ಅಧಿಕಾರವನ್ನು ಅವರಿಗೆ ಕೊಡಬೇಡಿ, ಈ ಸಾಲು ಎಷ್ಟೋ ಸಲ ನಡುವಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಫಲಕ ತೊಳೆಯುವ ನೀರು ಎಲ್ಲಿಂದ ಎಂದು ಬರೆಸಿ, ನಿಮ್ಮ ಕೊಳವೆಬಾವಿಯಿಂದ ಅಲ್ಲ. ಅವಧಿ ಮುಗಿದ ಮೇಲೆ ಕಾಂಕ್ರೀಟ್ ಬುಡಗಳನ್ನು ಕಿತ್ತು ನೆಲ ಹದ ಮಾಡಿಕೊಡುವ ಹೊಣೆ ಅವರದು ಎಂದಿರಲಿ, ಅದಕ್ಕೊಂದು ಠೇವಣಿಯೂ ಇರಲಿ. ಪಹಣಿಯಲ್ಲಿ ಬೆಳೆ ಸಾಲದ ಬಾಬ್ತು ನಮೂದಾಗಿದ್ದರೆ ಸಹಿ ಹಾಕುವ ಮುನ್ನ ಬ್ಯಾಂಕಿಗೆ ಹೋಗಿ ಮಾತಾಡಿ. ಕರಡು ಪ್ರತಿ ಕೈಗೆ ಬಂದಾಗ ನನಗೂ ಒಂದು ಕಳುಹಿಸಿ, ಸಾಲು ಸಾಲಾಗಿ ಓದಿ ನನಗೆ ತಿಳಿದದ್ದನ್ನು ಬರೆಯುತ್ತೇನೆ.